ಕಾಫಿ ಜಗ್ಗು, ಟೇಪಿನ ಕ್ಯಾಮೆರಾ, ಮುರಿದ ಸಂಬಂಧಗಳ ಕೊಡಲಿ: ವಸ್ತುವಿನ ಜೊತೆ ಉಳಿಯುವ ವಿವರದ ಕತೆ

[ಪರದೆಯ ಮೇಲೆ: ಮಸುಕಾದ ಬೂದು ಚೌಕ, ಅದರೊಳಗೆ ಒಂದು ಕಾಫಿ ಯಂತ್ರ]

ನಮಸ್ಕಾರ. ಈಗ ಪರದೆಯ ಮೇಲಿರುವ ಚಿತ್ರದಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ನಿಮಗೆ ಅನ್ನಿಸಿದರೆ ಅದು ಸರಿಯೇ. 128 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಚೌಕದೊಳಗೆ ಒಂದು ಕಾಫಿ ಯಂತ್ರ, ಅದರಲ್ಲೊಂದು ಗಾಜಿನ ಜಗ್ಗು, ಅಷ್ಟೆ. ನಾನು ಬಹಳ ದಿನಗಳಿಂದ ಕೂಡಿಟ್ಟುಕೊಂಡಿರುವ ಕೆಲವು ವಿಚಿತ್ರಗಳನ್ನು, ಅಂದರೆ ಹಳೆಯ ಕ್ಯಾಮೆರಾಗಳು, ಅಂತರ್ಜಾಲದ ತಮಾಷೆಗಳು, ಪ್ರವಾಸಿಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ವಸ್ತುಸಂಗ್ರಹಾಲಯಗಳು, ಇವನ್ನೆಲ್ಲ ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತೇನೆ. ಇವುಗಳನ್ನು ಒಂದೇ ಕಡೆ ತರಲು ನನಗಿರುವ ಕಾರಣವೂ ಒಂದೇ. ಇವುಗಳಲ್ಲಿ ಹೆಚ್ಚಿನವಕ್ಕೆ ತಮ್ಮಷ್ಟಕ್ಕೆ ಬೆಲೆಯಿಲ್ಲ. ಯಾರು, ಯಾವಾಗ, ಏಕೆ ಎಂಬ ವಿವರ ಜೊತೆಗೆ ಉಳಿದುಬಂದದ್ದರಿಂದಲೇ ಅವು ಇಂದು ಗಾಜಿನ ಪೆಟ್ಟಿಗೆಯೊಳಗಿವೆ.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಟ್ರೋಜನ್ ರೂಮ್ ಎಂಬ ಕೋಣೆಯಿತ್ತು. ಅದರ ಹೊರಗಿದ್ದ ಕಾಫಿ ಯಂತ್ರವನ್ನು ಬೇರೆ ಮಹಡಿಗಳಲ್ಲಿ ಕೂತ ಸಂಶೋಧಕರೂ ನೆಚ್ಚಿಕೊಂಡಿದ್ದರು. ಮೆಟ್ಟಿಲಿಳಿದು ಬಂದವರಿಗೆ ಎಷ್ಟೋ ಸಲ ಸಿಗುತ್ತಿದ್ದದ್ದು ಖಾಲಿ ಜಗ್ಗು. ಈ ಕಿರಿಕಿರಿ ತಪ್ಪಿಸಲು 1991ರಲ್ಲಿ ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್‌ಕಿ ಜಗ್ಗಿನ ಕಡೆ ಒಂದು ಕ್ಯಾಮೆರಾ ತಿರುಗಿಸಿಟ್ಟು, ಅದನ್ನು ಏಕಾರ್ನ್ ಆರ್ಕಿಮಿಡೀಸ್ ಕಂಪ್ಯೂಟರ್ ಒಂದಕ್ಕೆ ಜೋಡಿಸಿದರು. ಒಬ್ಬರು ಚಿತ್ರ ಕಳಿಸುವ ತಂತ್ರಾಂಶ ಬರೆದರೆ, ಇನ್ನೊಬ್ಬರು ಅದನ್ನು ಪ್ರತಿಯೊಬ್ಬರ ಮೇಜಿನ ಪರದೆಯ ಮೂಲೆಯಲ್ಲಿ ತೋರಿಸುವ ತಂತ್ರಾಂಶ ಬರೆದರು. ನಿಮಿಷಕ್ಕೆ ಸುಮಾರು ಮೂರು ಸಲ ಚಿತ್ರ ಬದಲಾಗುತ್ತಿತ್ತು. ಜಗ್ಗು ತುಂಬುವುದು ನಿಧಾನದ ಕೆಲಸವಾದ್ದರಿಂದ ಅಷ್ಟು ಸಾಕಾಗಿತ್ತು.

1993ರ ನವೆಂಬರಿನಲ್ಲಿ ಅದೇ ಪ್ರಯೋಗಾಲಯದ ಬೇರಿಬ್ಬರು ಈ ಚಿತ್ರವನ್ನು ಆಗಷ್ಟೇ ಬೆಳೆಯುತ್ತಿದ್ದ ವೆಬ್‌ಗೆ ಜೋಡಿಸಿದರು. ಎಂದೂ ಕೇಂಬ್ರಿಜ್ ನೋಡದವರು, ಆ ಕಾಫಿಯ ಒಂದು ಗುಟುಕೂ ಸಿಗದವರು, ಜಗ್ಗು ತುಂಬಿದೆಯೋ ಇಲ್ಲವೋ ಎಂದು ಇಣುಕಿ ನೋಡತೊಡಗಿದರು. ವೆಬ್‌ಕ್ಯಾಮ್ ಎಂಬ ಸಾಧನದ ಚರಿತ್ರೆ ಶುರುವಾಗುವುದು ಇಲ್ಲಿಂದ. 2001ರಲ್ಲಿ ಪ್ರಯೋಗಾಲಯ ಹೊಸ ಕಟ್ಟಡಕ್ಕೆ ಹೊರಟಾಗ, ಆಗಸ್ಟ್ 22ರಂದು ಕ್ಯಾಮೆರಾ ನಿಲ್ಲಿಸಲಾಯಿತು. ಅದು ಕಳಿಸಿದ ಕೊನೆಯ ಚಿತ್ರದಲ್ಲಿ ಸ್ವಿಚ್ ಒತ್ತುತ್ತಿರುವ ಬೆರಳುಗಳಿವೆ. ಕ್ರಪ್ಸ್ ಕಂಪನಿಯ ಆ ಕೆಟ್ಟುಹೋದ ಯಂತ್ರವನ್ನು ಈಬೇ ಹರಾಜಿನಲ್ಲಿ ಜರ್ಮನಿಯ ಸುದ್ದಿತಾಣ ಶ್ಪೀಗೆಲ್ ಆನ್‌ಲೈನ್ 3,350 ಪೌಂಡ್ ಕೊಟ್ಟು ಕೊಂಡು, ರಿಪೇರಿ ಮಾಡಿಸಿತು. ಇಂದು ಅದು ಜರ್ಮನಿಯ ಪಾಡರ್‌ಬೋರ್ನ್ ನಗರದಲ್ಲಿ, ಕಂಪ್ಯೂಟರ್ ಚರಿತ್ರೆಗೆ ಮೀಸಲಾದ ಹೈನ್ಸ್ ನಿಕ್ಸ್‌ಡೋರ್ಫ್ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಮಾದರಿಯ ಇನ್ನೊಂದು ಹಳೆಯ ಯಂತ್ರ ಗುಜರಿಯವನಿಗೂ ಬೇಡ.

[ಪರದೆಯ ಮೇಲೆ: 418 ಎಂಬ ಸಂಖ್ಯೆ]

ಕಾಫಿಯ ಮಾತು ಬಂದಿರುವಾಗಲೇ ಒಂದು ಉಪಕತೆ. ಅಂತರ್ಜಾಲದ ತಾಂತ್ರಿಕ ನಿಯಮಗಳನ್ನು ಪ್ರಕಟಿಸುವ ದಾಖಲೆಗಳ ಸಾಲಿನಲ್ಲಿ 1998ರ ಏಪ್ರಿಲ್ 1ರಂದು ಲ್ಯಾರಿ ಮಸಿಂಟರ್ ಅವರು ಕಾಫಿ ಪಾತ್ರೆಗಳನ್ನು ದೂರದಿಂದಲೇ ನಿಯಂತ್ರಿಸುವ ನಿಯಮಾವಳಿಯೊಂದನ್ನು ಗಂಭೀರ ಭಾಷೆಯಲ್ಲಿ ಬರೆದು ಹಾಕಿದರು. ಟೀ ಪಾತ್ರೆಗೆ ಯಾರಾದರೂ ಕಾಫಿ ಮಾಡಲು ಹೇಳಿದರೆ, ಅದು 418 ಎಂಬ ಸಂಖ್ಯೆಯೊಂದಿಗೆ ‘ನಾನು ಟೀ ಪಾತ್ರೆ’ ಎಂದು ಉತ್ತರಿಸಬೇಕು ಎನ್ನುವುದು ಅದರ ಒಂದು ವಿಧಿ. ಪುಟ ಸಿಗದಿದ್ದಾಗ ಕಾಣುವ 404ರ ವಂಶದ್ದೇ ಈ ಸಂಖ್ಯೆ. ಮೂರ್ಖರ ದಿನದ ತಮಾಷೆಯನ್ನು ಎಷ್ಟೋ ತಂತ್ರಾಂಶಗಳು ನಿಜವಾಗಿಯೇ ಅಳವಡಿಸಿಕೊಂಡವು. 2017ರಲ್ಲಿ ಅದನ್ನು ತೆಗೆದುಹಾಕುವ ಪ್ರಸ್ತಾಪ ಬಂದಾಗ ಪ್ರತಿಭಟನೆಯೇ ನಡೆಯಿತು. ಕೊನೆಗೆ 2022ರ ಅಧಿಕೃತ ನಿಯಮಾವಳಿ 418ನ್ನು ಬೇರೆ ಯಾವುದಕ್ಕೂ ಕೊಡದೆ ಕಾಯ್ದಿರಿಸಿತು. ಸರ್ಕಾರಿ ಗೆಜೆಟ್ಟಿನಲ್ಲಿ ಹಾಸ್ಯಕ್ಕೆ ಒಂದು ಕಲಂ ಮೀಸಲಿಟ್ಟಂತಾಯಿತು.

[ಪರದೆಯ ಮೇಲೆ: ಎಳೆಯ ಮಗುವಿನ ಮುಖದ ಕಪ್ಪು-ಬಿಳುಪು ಚಿತ್ರ]

ಇನ್ನು ಫೋಟೋಗಳ ಕಡೆಗೆ ಬರೋಣ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿದ್ದ ರಸೆಲ್ ಕಿರ್ಷ್ ಅವರು 1957ರಲ್ಲಿ, ತಮ್ಮ ಮೂರು ತಿಂಗಳ ಮಗನ ಫೋಟೋವನ್ನು ತಿರುಗುವ ಉರುಳೆಯೊಂದಕ್ಕೆ ಸುತ್ತಿ, ಅದರಿಂದ ಪ್ರತಿಫಲಿಸುವ ಬೆಳಕನ್ನು ಬಿಂದುಬಿಂದುವಾಗಿ ಅಳೆದು ಕಂಪ್ಯೂಟರಿಗೆ ಊಡಿಸಿದರು. ಕಂಪ್ಯೂಟರ್ ಕಂಡ ಮೊದಲ ಸ್ಕ್ಯಾನ್ ಮಾಡಿದ ಫೋಟೋ ಅದು. 176 ಅಡ್ಡ, 176 ಉದ್ದ, ಒಟ್ಟು 30,976 ಬಿಂದುಗಳು. ಒಂದು ಸಲ ಓದಿದರೆ ಯಂತ್ರಕ್ಕೆ ಸಿಗುತ್ತಿದ್ದದ್ದು ಕಪ್ಪು ಅಥವಾ ಬಿಳುಪು ಮಾತ್ರ. ಆದ್ದರಿಂದ ಎಷ್ಟು ಬೆಳಕಿದ್ದರೆ ಬಿಳುಪು ಎಂಬ ಮಿತಿಯನ್ನು ಬದಲಿಸುತ್ತಾ ಹಲವು ಸಲ ಓದಿಸಿ, ಆ ಪದರಗಳನ್ನು ಒಂದರ ಮೇಲೊಂದು ಕೂಡಿಸಿ ಬೂದು ಛಾಯೆಗಳನ್ನು ಪಡೆದರು. ಪಿಕ್ಸೆಲ್ ಚೌಕಾಕಾರವಾಗಿರಲಿ ಎಂಬ ತೀರ್ಮಾನವೂ ಆಗಿನದೇ. ಅದು ತರ್ಕಕ್ಕೆ ಸರಿಯೆನಿಸಿದರೂ ದಡ್ಡತನದ ತೀರ್ಮಾನ, ಅದರ ಫಲವನ್ನು ಜಗತ್ತು ಇನ್ನೂ ಉಣ್ಣುತ್ತಿದೆ ಎಂದು ಕಿರ್ಷ್ ಎಂಬತ್ತು ದಾಟಿದ ಮೇಲೆ ಹೇಳಿಕೊಂಡದ್ದಲ್ಲದೆ, ಬೇರೆ ಬೇರೆ ಆಕಾರದ ಪಿಕ್ಸೆಲ್‌ಗಳ ಮೇಲೆ ಕೆಲಸವನ್ನೂ ಮಾಡಿದರು. ಅವರು 2020ರಲ್ಲಿ ತೀರಿಕೊಂಡರು. ಆ ಸ್ಕ್ಯಾನ್‌ನ ಮೂಲಪ್ರತಿ ಪೋರ್ಟ್‌ಲ್ಯಾಂಡ್ ಕಲಾ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

[ಪರದೆಯ ಮೇಲೆ: ನೀಲಿ ಪೆಟ್ಟಿಗೆ, ಪಕ್ಕದಲ್ಲಿ ಕ್ಯಾಸೆಟ್]

ಕ್ಯಾಮೆರಾದಿಂದ ನೇರವಾಗಿ, ಫಿಲ್ಮಿನ ಹಂಗಿಲ್ಲದೆ ಚಿತ್ರ ತೆಗೆದ ಸ್ಟೀವ್ ಸ್ಯಾಸನ್ ಅವರ ಕತೆ ಇದಕ್ಕಿಂತ ಸ್ವಾರಸ್ಯದ್ದು. 1975ರಲ್ಲಿ ಕೊಡ್ಯಾಕ್ ಕಂಪನಿಯ ಈ ಯುವ ಎಂಜಿನಿಯರ್ ಸೂಪರ್ 8 ಚಲನಚಿತ್ರ ಕ್ಯಾಮೆರಾದ ಮಸೂರ, ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ 100 ಅಡ್ಡ 100 ಬಿಂದುಗಳ ಸಿಸಿಡಿ ಸೆನ್ಸರ್, ಹದಿನಾರು ಬ್ಯಾಟರಿ, ಒಂದು ಕ್ಯಾಸೆಟ್ ರೆಕಾರ್ಡರ್ ಇವನ್ನೆಲ್ಲ ಸೇರಿಸಿ ಸುಮಾರು 3.6 ಕಿಲೋ ತೂಕದ ಯಂತ್ರವೊಂದನ್ನು ಕಟ್ಟಿದರು. ಚಿತ್ರ ಸೆರೆಯಾಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕಾಗಿತ್ತು. ಆದರೆ ಅದು ಟೇಪಿನ ಮೇಲೆ ಬರೆದು ಮುಗಿಯಲು 23 ಸೆಕೆಂಡ್ ಕಾಯಬೇಕಿತ್ತು. ಒಂದು ಟೇಪಿನಲ್ಲಿ 30 ಚಿತ್ರಗಳೆಂದು ಅವರು ನಿಗದಿ ಮಾಡಿದ್ದೂ ಯೋಚಿಸಿಯೇ: ಫಿಲ್ಮ್ ರೋಲಿನಲ್ಲಿ ಇಪ್ಪತ್ತನಾಲ್ಕೋ ಮೂವತ್ತಾರೋ ಇರುತ್ತಿದ್ದುದರಿಂದ, ನಡುವಿನ ಸಂಖ್ಯೆಯಾದರೆ ಜನಕ್ಕೆ ಪರಿಚಿತವೆನಿಸೀತು.

ಮೊದಲ ಚಿತ್ರಕ್ಕೆ ಮುಖ ಕೊಟ್ಟವರು ಪಕ್ಕದ ಕೋಣೆಯ ತಂತ್ರಜ್ಞೆಯೊಬ್ಬರು. ಟಿವಿ ಪರದೆಯ ಮೇಲೆ ಅವರ ಕಪ್ಪು ಕೂದಲಿನ ಆಕಾರ ಸರಿಯಾಗಿಯೇ ಬಂತು, ಹಿಂದಿನ ಬಿಳಿ ಗೋಡೆಯೂ ಬಂತು, ಮುಖ ಮಾತ್ರ ಚಿಂದಿಚಿಂದಿಯಾಗಿತ್ತು. ಇನ್ನೂ ಕೆಲಸ ಬಾಕಿಯಿದೆ ಎಂದು ಹೇಳಿ ಅವರು ಹೊರಟುಹೋದರು. ದೋಷ ಇದ್ದದ್ದು ತಂತಿಗಳ ಜೋಡಣೆಯಲ್ಲಿ. ಪ್ರತಿ ಬಿಂದುವಿನ ಬೆಳಕನ್ನು ನಾಲ್ಕು ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಎಂಬ ನಾಲ್ಕು ಅಂಕಿಗಳಲ್ಲಿ, ಬರೆಯಲಾಗುತ್ತಿತ್ತು. ಆ ನಾಲ್ಕರ ಕ್ರಮ ಹಿಂದುಮುಂದಾಗಿತ್ತು. ಅಚ್ಚ ಕಪ್ಪು ಎಂದರೆ 0000, ಅಚ್ಚ ಬಿಳುಪು ಎಂದರೆ 1111. ಇವೆರಡನ್ನೂ ತಿರುಗಿಸಿ ಓದಿದರೂ ವ್ಯತ್ಯಾಸವಿಲ್ಲ. ಆದರೆ ಬಹುತೇಕ ಕಪ್ಪಾದ 0001 ತಿರುವಿದಾಗ 1000 ಆಗಿ ನಡುಬೂದಿಗೆ ಜಿಗಿಯುತ್ತದೆ. ಕೂದಲು, ಗೋಡೆ ಪಾರಾಗಿ, ನಡುವಿನ ಛಾಯೆಗಳೇ ತುಂಬಿದ ಮುಖ ಕೆಟ್ಟದ್ದು ಇದರಿಂದ. ತಂತಿ ಅದಲುಬದಲು ಮಾಡಿದ ಕೂಡಲೇ ಮುಖ ಮೂಡಿತು. ಕ್ಯಾಮೆರಾ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಮೆಚ್ಚಿನ ದೋಷ ಇನ್ನೊಂದಿಲ್ಲ, ಏಕೆಂದರೆ ಕೆಟ್ಟ ಚಿತ್ರವೇ ತಾನು ಎಲ್ಲಿ ಕೆಟ್ಟಿದ್ದೇನೆಂದು ಹೇಳಿಬಿಟ್ಟಿತು.

ಕೊಡ್ಯಾಕ್ ತನ್ನದೇ ಆವಿಷ್ಕಾರವನ್ನು ಮುಚ್ಚಿಟ್ಟು ಮುಳುಗಿತು ಎಂಬ ಕತೆಯನ್ನು ನೀವು ಕೇಳಿರುತ್ತೀರಿ; ಮ್ಯಾನೇಜ್‌ಮೆಂಟ್ ಭಾಷಣಗಳಲ್ಲಿ ಅದಿಲ್ಲದೆ ಊಟವಿಲ್ಲ. ಅದು ಅರ್ಧ ಸತ್ಯ. 1978ರಲ್ಲಿ ಪಡೆದ ಪೇಟೆಂಟಿನಿಂದ ಕಂಪನಿ ಹೇರಳ ಹಣ ಗಳಿಸಿತು, 2005ರ ಹೊತ್ತಿಗೆ ಅಮೆರಿಕದಲ್ಲಿ ಅತಿ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರುತ್ತಿದ್ದದ್ದೂ ಅದೇ. ಆದರೆ ಫಿಲ್ಮು, ರಸಾಯನ, ಕಾಗದ ಇವು ಮೂರೂ ಮತ್ತೆ ಮತ್ತೆ ತರುತ್ತಿದ್ದ ಲಾಭವನ್ನು ಒಮ್ಮೆ ಮಾರಿ ಮುಗಿಯುವ ಕ್ಯಾಮೆರಾ ತರಲಿಲ್ಲ, ಜೊತೆಗೆ ಫೋನು ಬಂದು ಪುಟ್ಟ ಕ್ಯಾಮೆರಾಗಳ ಮಾರುಕಟ್ಟೆಯನ್ನೇ ನುಂಗಿತು. 2012ರ ಜನವರಿಯಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು.

ಫೋನಿನ ಕತೆಯೂ ಒಂದು ಮಗುವಿನಿಂದಲೇ ಶುರು. 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್‌ನ ಹೆರಿಗೆ ಆಸ್ಪತ್ರೆಯಲ್ಲಿ ತಂತ್ರಾಂಶ ಉದ್ಯಮಿ ಫಿಲಿಪ್ ಕಾನ್ ಅವರು ಕ್ಯಾಸಿಯೋ ಡಿಜಿಟಲ್ ಕ್ಯಾಮೆರಾ, ಲ್ಯಾಪ್‌ಟಾಪ್ ಮತ್ತು ಮೊಟೊರೊಲಾ ಫೋನನ್ನು ತಂತಿಯಿಂದ ಬೆಸೆದು, ಆಗತಾನೆ ಹುಟ್ಟಿದ ಮಗಳ ಚಿತ್ರವನ್ನು ಎರಡು ಸಾವಿರಕ್ಕೂ ಹೆಚ್ಚು ಪರಿಚಿತರಿಗೆ ಕಳಿಸಿದರು. ಜಪಾನಿನಲ್ಲಿ 2000ದ ನವೆಂಬರಿನಲ್ಲಿ ಬಂದ ಶಾರ್ಪ್ ಕಂಪನಿಯ ಕ್ಯಾಮೆರಾ ಫೋನಿಗೆ ಸುಮಾರು 1,10,000 ಪಿಕ್ಸೆಲ್‌ಗಳಿದ್ದವು.

[ಪರದೆಯ ಮೇಲೆ: ಜಾಗ್ರೆಬ್ ನಗರದ ಹಳೆಯ ಬೀದಿ]

ವಸ್ತುಸಂಗ್ರಹಾಲಯಗಳಲ್ಲಿ ನನ್ನ ಮೊದಲ ಆಯ್ಕೆ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿರುವ ಮುರಿದ ಸಂಬಂಧಗಳ ಸಂಗ್ರಹಾಲಯ. ಒಲಿಂಕಾ ವಿಶ್ಟಿಟ್ಸಾ ಮತ್ತು ದ್ರಾಜೆನ್ ಗ್ರುಬಿಶಿಚ್ ಎಂಬ ಜೋಡಿ ಬೇರೆಯಾದಾಗ, ಇಬ್ಬರಿಗೂ ಸೇರಿದ್ದ ಸಣ್ಣಪುಟ್ಟ ಸಾಮಾನುಗಳನ್ನು ಏನು ಮಾಡುವುದು ಎಂಬ ಪ್ರಶ್ನೆಯಿಂದ 2006ರಲ್ಲಿ ಒಂದು ಪ್ರದರ್ಶನ ಹುಟ್ಟಿತು. ಕೀಲಿ ಕೊಟ್ಟರೆ ನಡೆಯುವ ಮೊಲದ ಗೊಂಬೆ ಅದರ ಮೊದಲ ವಸ್ತುಗಳಲ್ಲೊಂದು. ಊರೂರು ಸುತ್ತಿದ ಪ್ರದರ್ಶನ 2010ರಲ್ಲಿ ಜಾಗ್ರೆಬ್‌ನಲ್ಲಿ ಶಾಶ್ವತವಾಗಿ ನೆಲೆಯೂರಿತು. ಅಪರಿಚಿತರು ಹೆಸರು ಹೇಳದೆ ವಸ್ತುವನ್ನೂ ಅದರ ಹಿಂದಿನ ಕತೆಯನ್ನೂ ಕಳಿಸುತ್ತಾರೆ. ಬರ್ಲಿನ್‌ನಿಂದ ಬಂದ ಒಂದು ಕೊಡಲಿ ಅಲ್ಲಿದೆ: ಬಿಟ್ಟುಹೋದ ಸಂಗಾತಿಯ ಪೀಠೋಪಕರಣಗಳನ್ನು, ಅವರು ಬಂದು ಒಯ್ಯುವ ತನಕ ದಿನಕ್ಕೊಂದರಂತೆ ಕಡಿದುಹಾಕಿದ ಕೊಡಲಿ ಅದು. ಪಕ್ಕದ ಬರಹವನ್ನು ತೆಗೆದರೆ ಅಲ್ಲಿ ಉಳಿಯುವುದು ಸೌದೆ ಸೀಳುವ ಸಾಧನ.

ನಮ್ಮಲ್ಲೂ ಇಂಥವಿವೆ. ಕ್ಯಾಮೆರಾದ ಹುಚ್ಚಿರುವವರು ದೆಹಲಿ ಕಡೆ ಹೋದಾಗ ಗುರುಗ್ರಾಮದ ಮ್ಯೂಸಿಯೋ ಕ್ಯಾಮೆರಾಕ್ಕೆ ಸಮಯ ಇಟ್ಟುಕೊಳ್ಳಬೇಕು. ಛಾಯಾಗ್ರಾಹಕ ಆದಿತ್ಯ ಆರ್ಯ ಅವರು ದಶಕಗಳ ಕಾಲ ಕೂಡಿಸಿದ ಸಂಗ್ರಹ 2019ರಿಂದ ಅಲ್ಲಿ ಸಾರ್ವಜನಿಕರಿಗೆ ತೆರೆದಿದೆ. ಧರ್ಮಸ್ಥಳಕ್ಕೆ ಹೋದವರು ದರ್ಶನ, ಊಟ ಮುಗಿಸಿ ಬಸ್ ಹಿಡಿಯುವ ಅವಸರದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವನ್ನು ಬಿಟ್ಟುಬಿಡುತ್ತಾರೆ. ತಾಳೆಗರಿ, ರಥಗಳ ಜೊತೆಗೆ ಹಳೆಯ ಕ್ಯಾಮೆರಾಗಳೂ ಅಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್. ಕೆ. ಶಂಕರ್ ಅವರು ಕಟ್ಟಿದ ಮಾನವ ಮಿದುಳಿನ ಸಂಗ್ರಹಾಲಯವಿದೆ. ಗಾಯ, ಸೋಂಕು, ಮರೆಗುಳಿತನದ ಕಾಯಿಲೆ ಮಿದುಳಿಗೆ ಏನು ಮಾಡುತ್ತವೆಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು, ನಿಜವಾದ ಮಿದುಳೊಂದನ್ನು ಕೈಯಲ್ಲಿ ಹಿಡಿಯಲೂಬಹುದು. ಯಾವ ಕಾಯಿಲೆಯಿಂದ ಹೀಗಾಯಿತೆಂಬ ಟಿಪ್ಪಣಿ ಅಲ್ಲಿನ ಪ್ರತಿ ಮಾದರಿಗೂ ಅಗತ್ಯ. ಅದಿಲ್ಲದೆ ವೈದ್ಯ ವಿದ್ಯಾರ್ಥಿಗೆ ಅದರಿಂದ ಉಪಯೋಗವಿಲ್ಲ.

[ಪರದೆಯ ಮೇಲೆ: ಮನೆಯ ಆಲ್ಬಮ್ಮಿನ ಫೋಟೋ, ನಂತರ ಅದರ ಹಿಂಬದಿ]

ಕೊನೆಯದು ನಮ್ಮ ನಿಮ್ಮ ಫೋನಿನ ವಿಷಯ. ಹಳೆಯ ಫೋಟೋ ತಿರುಗಿಸಿದರೆ ಸ್ಟುಡಿಯೋದ ಮೊಹರೋ, ಅಜ್ಜನ ಕೈಬರಹದಲ್ಲಿ ಮದುವೆಯ ತಾರೀಕೋ ಸಿಗುತ್ತಿತ್ತು. ತೊಂಬತ್ತರ ದಶಕದ ಕ್ಯಾಮೆರಾಗಳು ಚಿತ್ರದ ಮೂಲೆಯಲ್ಲಿ ಕಿತ್ತಳೆ ಬಣ್ಣದ ದಿನಾಂಕ ಒತ್ತುತ್ತಿದ್ದವು. ಬ್ಯಾಟರಿ ಬದಲಿಸಿದ ಮೇಲೆ ಯಾರೂ ಗಡಿಯಾರ ಸರಿಪಡಿಸದೆ, ದಸರೆಯ ಚಿತ್ರದ ಮೇಲೆ ಜನವರಿಯ ತಾರೀಕು ಕೂತಿರುವುದೂ ಉಂಟು. ಡಿಜಿಟಲ್ ಚಿತ್ರಗಳಲ್ಲಿ ಈ ಕೆಲಸವನ್ನು 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಎಂಬ ಮಾನಕ ಮಾಡುತ್ತದೆ. ತೆಗೆದ ಸಮಯ, ಕ್ಯಾಮೆರಾದ ಹೆಸರು, ಷಟರ್ ವೇಗ, ಅನುಮತಿಸಿದ್ದರೆ ಅಕ್ಷಾಂಶ-ರೇಖಾಂಶ, ಇವೆಲ್ಲ ಕಡತದೊಳಗೇ ಕೂತಿರುತ್ತವೆ.

ಅದೇ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದಾಗ ಗಾತ್ರ ಕುಗ್ಗುವುದರ ಜೊತೆಗೆ ಈ ವಿವರವೂ ಕಳಚಿಹೋಗುತ್ತದೆ. ಮನೆಯ ವಿಳಾಸ ಅಪರಿಚಿತರ ಕೈಸೇರದಿರುವುದು ಒಳ್ಳೆಯದೇ. ಆದರೆ ಕುಟುಂಬದ ಗುಂಪಿನಲ್ಲಿ ಬಂದ ಗೃಹಪ್ರವೇಶದ ಚಿತ್ರ ಯಾವಾಗಿನದೆಂದು ಮುಂದೆ ತಿಳಿಯುವುದು ಹೇಗೆ? ಆಂಡ್ರಾಯ್ಡ್ ಫೋನಿನಲ್ಲಿ ಇಂಥ ಕಡತದ ಹೆಸರಿನಲ್ಲಿ ಎಂಟು ಅಂಕಿಗಳ ದಿನಾಂಕವೊಂದು ಕಾಣುತ್ತದೆ. ಅದು ಚಿತ್ರ ನಿಮಗೆ ತಲುಪಿದ ದಿನವೇ ಹೊರತು ತೆಗೆದ ದಿನವಲ್ಲ. ಉಳಿಸಿಕೊಳ್ಳಬೇಕಾದ ಚಿತ್ರಗಳನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆಗ ಕಡತ ಇದ್ದಹಾಗೇ ಬರುತ್ತದೆ. ಹಳೆಯ ಆಲ್ಬಮ್ ಸ್ಕ್ಯಾನ್ ಮಾಡಿಸುವವರು ಪ್ರತಿ ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ, ಎರಡೂ ಕಡತಗಳಿಗೆ ಒಂದೇ ಸಂಖ್ಯೆ ಕೊಡುವುದು ಕ್ಷೇಮ, ಏಕೆಂದರೆ ಸ್ಕ್ಯಾನರ್ ತನ್ನಷ್ಟಕ್ಕೆ ಬರೆಯುವುದು ಸ್ಕ್ಯಾನ್ ಮಾಡಿದ ದಿನಾಂಕವನ್ನು ಮಾತ್ರ. ಗೂಗಲ್ ಫೋಟೋಸ್‌ನಲ್ಲಿ ನೀವು ಬರೆಯುವ ವಿವರಣೆ ಚಿತ್ರದ ಕಡತದೊಳಗೆ ಸೇರುವುದಿಲ್ಲ. ಗೂಗಲ್‌ನದೇ ಟೇಕ್ಔಟ್ ಎಂಬ ಸೌಲಭ್ಯದ ಮೂಲಕ ಎಲ್ಲವನ್ನೂ ಇಳಿಸಿಕೊಂಡಾಗ ಅದು ಜೇಸನ್ ಎಂಬ ಪ್ರತ್ಯೇಕ ಕಡತದಲ್ಲಿ ಬರುತ್ತದೆ. ಜಾಗ ಉಳಿಸಲೆಂದು ಆ ಪುಟ್ಟ ಕಡತಗಳನ್ನು ಅಳಿಸಬೇಡಿ; ಯಾರ ಪಕ್ಕ ಯಾರು ನಿಂತಿದ್ದಾರೆಂದು ನೀವು ಬರೆದಿಟ್ಟದ್ದು ಇರುವುದು ಅವುಗಳಲ್ಲೇ.