ಡಿಗ್ರಿ ಕಮ್ಮಿ ಬಂದ ಹಾಲು

ಕೇಳುಗರಿಗೆ ನಮಸ್ಕಾರ.

ನನ್ನ ತವರು ಮಂಡ್ಯದ ಹತ್ತಿರ ಒಂದು ಹಳ್ಳಿ. ಹೋದ ಬೇಸಿಗೆಯಲ್ಲಿ ಹತ್ತು ಹದಿನೈದು ದಿನ ಅಲ್ಲೇ ಇದ್ದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವುದು ನನ್ನ ಪಾಲಿನ ಕೆಲಸ. ಆರು ಗಂಟೆಗೆಲ್ಲ ಸಾಲು ನಿಂತಿರುತ್ತದೆ. ಹಾಲು ಅಳೆಯುವ ಹುಡುಗ, ಹಾಲು ಗಟ್ಟಿಯೋ ನೀರೋ ಅಂತ ತೋರಿಸುವ ಲ್ಯಾಕ್ಟೋಮೀಟರನ್ನು ಹಾಲಿಗೆ ಇಳಿಬಿಡುತ್ತಾನೆ. ಆ ಗಾಜಿನ ಕಡ್ಡಿ ಎರಡು ಸಲ ಮೇಲೆ ಕೆಳಗೆ ಆಡಿ ನಿಲ್ಲುತ್ತದೆ. ಹುಡುಗ ಬಗ್ಗಿ ನೋಡಿ ನಂಬರ್ ಕೂಗುತ್ತಾನೆ. ಅದನ್ನೇ ನಮ್ಮೂರಲ್ಲಿ ಡಿಗ್ರಿ ಅನ್ನುವುದು.

ಒಂದು ದಿನ ನಮ್ಮ ಹಾಲಿಗೆ 25 ಬಂತು. 28 ಬರಬೇಕಿತ್ತು. ಹಾಲು ವಾಪಸು. ನನ್ನ ಹಿಂದೆ ನಿಂತಿದ್ದ ನಮ್ಮ ಬೀದಿಯ ದೊಡ್ಡವ್ವ ಒಬ್ಬರು ತಕ್ಷಣ ಹೇಳಿದರು: "ಬಿಸ್ಲು ಕಣವ್ವ. ಹಸಿ ಮೇವೇ ಇಲ್ವಲ್ಲ, ಹಸ ತಾನೇ ಏನು ಮಾಡೀತು?" ಸಾಲಿನಲ್ಲಿದ್ದವರೆಲ್ಲ ಹೂಂ ಹೂಂ ಅಂದರು.

ಎರಡು ದಿನ ಬಿಟ್ಟು ಕೆಳಗಿನ ಬೀದಿಯ ಒಬ್ಬ ಹೆಂಗಸಿನ ಹಾಲಿಗೂ 25 ಬಂತು. ಅದೇ ಬಿಸಿಲು, ಅದೇ ಕಡ್ಡಿ, ಅದೇ ಹುಡುಗ. ಆಯಮ್ಮ ಏನೂ ಮಾತಾಡದೆ ಕ್ಯಾನು ಎತ್ತಿಕೊಂಡು ಹೋದರು. ಹೋದ ಮೇಲೆ ಅದೇ ದೊಡ್ಡವ್ವ ಮೆಲ್ಲಗೆ ಅಂದರು: "ನೀರು ಹುಯ್ದಿರ್ತಾಳೆ. ಆ ಬೀದಿಯೋರೇ ಅಷ್ಟು." ಸಾಲಿನಲ್ಲಿ ಮತ್ತೆ ಹೂಂ ಹೂಂ.

ಕೆಳಗಿನ ಬೀದಿ ಅಂದರೆ ಯಾವ ಬೀದಿ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವಳು. ಆದರೂ ಆ ಕ್ಷಣ ನನಗೂ "ಇದ್ದರೂ ಇರಬಹುದು" ಅಂತಲೇ ಅನ್ನಿಸಿತು. ಮನೆ ಬಾಗಿಲು ತಲುಪುವ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ಸಂಕಟ. ಎರಡೂ ಹಾಲಿಗೆ ನಂಬರ್ ಒಂದೇ. ನಮ್ಮದಕ್ಕೆ ಬಿಸಿಲು ಕಾರಣ, ಆಯಮ್ಮನದಕ್ಕೆ ಗುಣ ಕಾರಣ. ಇದು ಹೇಗೆ? ಇವತ್ತು ಇದನ್ನೇ ನಿಮ್ಮ ಜೊತೆ ಮಾತಾಡಬೇಕು ಅಂತ ಬಂದಿದ್ದೇನೆ.

ಯಾರಾದರೂ ಏನಾದರೂ ಮಾಡಿದರೆ ನಾವು ಸುಮ್ನೆ ಇರುವುದಿಲ್ಲ, ಯಾಕೆ ಮಾಡಿದರು ಅಂತ ಕಾರಣ ಹುಡುಕುತ್ತೇವೆ. ಫ್ರಿಟ್ಜ್ ಹೈಡರ್ ಎಂಬ ಮನಶ್ಶಾಸ್ತ್ರಜ್ಞ 1958ರಲ್ಲಿ ಈ ಹುಡುಕಾಟವನ್ನೇ ಹಿಡಿದು ಒಂದು ಪುಸ್ತಕ ಬರೆದರು. ನಾವು ಹುಡುಕುವ ಕಾರಣಗಳು ಎರಡು ಬಗೆ ಅಂದರು. ಒಂದು, ಆ ಮನುಷ್ಯನ ಒಳಗಿನದು: ಅವನ ಸ್ವಭಾವ, ಅವನ ಬುದ್ಧಿ. ಇನ್ನೊಂದು ಹೊರಗಿನದು: ಅವನ ಕಷ್ಟ, ಅವತ್ತಿನ ಸನ್ನಿವೇಶ. ಬೇರೆಯವರ ವಿಷಯ ಬಂದಾಗ ನಾವು ಒಳಗಿನ ಕಾರಣಕ್ಕೇ ಬೇಗ ಕೈ ಹಾಕುತ್ತೇವೆ. ಲೀ ರಾಸ್ ಎಂಬುವರು 1977ರಲ್ಲಿ ಇದನ್ನು ಮನುಷ್ಯರ ಮೂಲಭೂತ ತಪ್ಪು ಅಂತಲೇ ಕರೆದರು. ಯಾಕೆ ಹೀಗೆ ಅಂದರೆ, ಮನುಷ್ಯ ಕಣ್ಣಿಗೆ ಕಾಣುತ್ತಾನೆ, ಅವನ ಸನ್ನಿವೇಶ ಕಾಣುವುದಿಲ್ಲ. ಹಾಲಿನ ಕ್ಯಾನು ಸಾಲಿಗೆ ಬರುತ್ತದೆ. ಕೊಟ್ಟಿಗೆಯ ಖಾಲಿ ಗೊಂತು ಸಾಲಿಗೆ ಬರುವುದಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಮೈಸೂರಿಗೂ ಮನಶ್ಶಾಸ್ತ್ರಕ್ಕೂ ಹಳೆಯ ನಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅಲ್ಲಿ ಪಾಠ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ಒಂದು ಬಾನುಲಿ ಕೇಂದ್ರ ಕಟ್ಟಿದರು. ಆಕಾಶವಾಣಿ ಅನ್ನುವ ಹೆಸರು ಬೆಳೆದು ಬಂದದ್ದು ಅಲ್ಲಿಂದ. ಹಾಗಾಗಿ ಈ ವಿಷಯವನ್ನು ರೇಡಿಯೋದಲ್ಲಿ ಮಾತಾಡುವಾಗ ನನಗೆ ಮನೆಯ ಮಾತು ಆಡಿದ ಹಾಗೇ ಅನ್ನಿಸುತ್ತದೆ.

ಇದೇ ಮೈಸೂರಿಗೆ ಜೋನ್ ಮಿಲ್ಲರ್ ಎಂಬ ಅಮೆರಿಕದ ಸಂಶೋಧಕಿ ಬಂದರು. ಎಂಟು, ಹನ್ನೊಂದು, ಹದಿನೈದು ವರ್ಷದ ಮಕ್ಕಳನ್ನೂ ದೊಡ್ಡವರನ್ನೂ ಮಾತಾಡಿಸಿದರು. ನಿಮಗೆ ಗೊತ್ತಿರುವ ಯಾರಾದರೂ ಮಾಡಿದ ಒಂದು ಒಳ್ಳೆ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಯಾಕೆ ಮಾಡಿದರು ಅಂತಲೂ ಹೇಳಿ ಅಂತ ಕೇಳಿದರು. ಅಮೆರಿಕದ ಶಿಕಾಗೋದಲ್ಲೂ ಇದೇ ಪ್ರಶ್ನೆ. ಈ ಅಧ್ಯಯನ 1984ರಲ್ಲಿ ಪ್ರಕಟವಾಯಿತು.

ಮೈಸೂರಿನಲ್ಲಿ ಒಬ್ಬರು ಹೇಳಿದ ಘಟನೆ ಇದು. ವಕೀಲರೊಬ್ಬರು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಕೋರ್ಟಿಗೆ ಹೋಗುತ್ತಿದ್ದರು. ಹಿಂದಿನ ಚಕ್ರ ಒಡೆಯಿತು. ಹಿಂದೆ ಕೂತವರು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲರು ಅವರನ್ನು ಆಸ್ಪತ್ರೆಗೆ ಸೇರಿಸಿದರು. ಪೆಟ್ಟು ಎಷ್ಟು ಜೋರಾಗಿದೆ ಅಂತ ಡಾಕ್ಟರನ್ನು ಕೇಳಲೂ ಇಲ್ಲ, ಕೋರ್ಟಿಗೆ ಹೋಗಿಬಿಟ್ಟರು. ಗಾಯಾಳು ತೀರಿಕೊಂಡರು.

ಕೇಳಿದರೆ ಎದೆ ಝಲ್ಲೆನ್ನುತ್ತದೆ, ಅಲ್ವಾ? ಅಮೆರಿಕದವರಿಗೆ ಈ ಕಥೆ ಹೇಳಿದಾಗ, ವಕೀಲ ಜವಾಬ್ದಾರಿ ಇಲ್ಲದವನು, ತನ್ನ ಏಳಿಗೆ ಒಂದೇ ನೋಡುವವನು ಅನ್ನುವ ಬಗೆಯ ಉತ್ತರ ಬಂತು. ಮೈಸೂರಿನ ಉತ್ತರ ಬೇರೆ. ಕೋರ್ಟಿನಲ್ಲಿ ಕಕ್ಷಿದಾರ ಕಾಯುತ್ತಿದ್ದ, ಹೋಗುವುದು ಅವರ ಕರ್ತವ್ಯ. ಅವರಿಗೂ ಗಾಬರಿ ಆಗಿರಬಹುದು. ಪೆಟ್ಟು ಅಷ್ಟು ಜೋರು ಅಂತ ಮೇಲ್ನೋಟಕ್ಕೆ ಕಂಡಿರಲಿಕ್ಕಿಲ್ಲ.

ಎಂಟು ವರ್ಷದ ಮಕ್ಕಳಲ್ಲಿ ಎರಡೂ ಊರಿನ ನಡುವೆ ಹೆಚ್ಚು ವ್ಯತ್ಯಾಸ ಇರಲಿಲ್ಲ. ದೊಡ್ಡವರಾಗುತ್ತಾ ಅಲ್ಲಿಯವರು ಸ್ವಭಾವದ ಕಡೆ ವಾಲಿದರು, ಇಲ್ಲಿಯವರು ಸನ್ನಿವೇಶದ ಕಡೆ ವಾಲಿದರು. ಅಂದರೆ ಇದು ಹುಟ್ಟಿನಿಂದ ಬಂದದ್ದಲ್ಲ, ಬೆಳೆಯುತ್ತಾ ಕಲಿತದ್ದು. "ಪಾಪ, ಅವನಿಗೇನು ಕಷ್ಟವೋ" ಅನ್ನುವ ಮಾತನ್ನು ನಮ್ಮ ಮನೆಗಳ ಜಗಲಿ ನಮಗೆ ಕಲಿಸಿದೆ. ನನಗೆ ಇದು ತುಂಬಾ ದೊಡ್ಡ ಆಸ್ತಿ ಅನ್ನಿಸುತ್ತದೆ.

ಆದರೆ ಈ ಪಾಪ ಅನ್ನುವ ಮಾತು ಯಾರಿಗೆ ಸಿಗುತ್ತದೆ?

ಟೇಲರ್ ಮತ್ತು ಜಗ್ಗಿ ಎಂಬಿಬ್ಬರು ಇದನ್ನೂ ನಮ್ಮ ದಕ್ಷಿಣ ಭಾರತದಲ್ಲೇ ನೋಡಿದರು. 1974ರ ಅಧ್ಯಯನ. ಕಚೇರಿಯ ಹಿಂದೂ ಗುಮಾಸ್ತರಿಗೆ ಸಣ್ಣ ಸಣ್ಣ ಸನ್ನಿವೇಶ ಕೊಟ್ಟರು. ಅಂಗಡಿಯವನು ಮೋಸ ಮಾಡಿದ, ಅಥವಾ ಧಾರಾಳವಾಗಿ ನಡೆದುಕೊಂಡ. ಮಳೆಯಲ್ಲಿ ನೆನೆಯುವವನನ್ನು ಮನೆಯವನು ಒಳಗೆ ಕರೆದ, ಅಥವಾ ಕರೆಯಲಿಲ್ಲ. ಹಾಗೆ ಮಾಡಿದವನು ಒಂದು ಸಲ ಹಿಂದೂ, ಒಂದು ಸಲ ಮುಸ್ಲಿಂ. ಯಾಕೆ ಮಾಡಿದ ಅಂತ ಕೇಳಿದಾಗ ಬಂದ ಉತ್ತರ ಹೀಗಿತ್ತು: ನಮ್ಮವನು ಒಳ್ಳೆಯದು ಮಾಡಿದರೆ ಅದು ಅವನ ಗುಣ, ಕೆಟ್ಟದ್ದು ಮಾಡಿದರೆ ಸನ್ನಿವೇಶ. ಬೇರೆಯವನಿಗೆ ಆ ರಿಯಾಯಿತಿ ಇಲ್ಲ. ನಮ್ಮೂರ ಡೇರಿಯ ಸಾಲನ್ನೇ ಕಾಗದದ ಮೇಲೆ ಇಟ್ಟ ಹಾಗಿದೆ.

ಗುಂಪು ಆಗುವುದಕ್ಕೆ ಧರ್ಮ ಜಾತಿ ಕೂಡ ಬೇಕಿಲ್ಲ. 1970ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞ ಶಾಲೆಯ ಹುಡುಗರನ್ನು ಎರಡು ಗುಂಪು ಮಾಡಿದರು. ಯಾವ ಚಿತ್ರ ಇಷ್ಟ ಅಂತ ಕೇಳಿ ಗುಂಪು ಮಾಡಿದ್ದೇವೆ ಅಂದರು, ಅದೂ ಹೆಸರಿಗಷ್ಟೇ. ತನ್ನ ಗುಂಪಿನಲ್ಲಿ ಯಾರಿದ್ದಾರೆ ಅಂತಲೇ ಹುಡುಗರಿಗೆ ಗೊತ್ತಿರಲಿಲ್ಲ. ಆದರೂ ದುಡ್ಡು ಹಂಚು ಅಂದಾಗ ತಮ್ಮ ಗುಂಪಿಗೇ ಜಾಸ್ತಿ ಕೊಟ್ಟರು.

ಹಾಗಾದರೆ ಜೊತೆಗೆ ಕೂತು ಉಂಡರೆ ಸರಿಹೋಗುತ್ತದಾ? ಮುಜಾಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ 22 ಹುಡುಗರ ಎರಡು ಗುಂಪು ಮಾಡಿ ಶಿಬಿರ ನಡೆಸಿದರು. ಆಟದ ಪೈಪೋಟಿ ಜಗಳಕ್ಕೆ ತಿರುಗಿತು. ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಎರಚಾಡಿದರು. ಆಮೇಲೆ ಒಂದು ದಿನ ಶಿಬಿರಕ್ಕೆ ನೀರು ನಿಂತುಹೋಯಿತು. ನಿಲ್ಲಿಸಿದ್ದು ಶೆರಿಫ್ ಕಡೆಯವರೇ. ಬಾಯಾರಿದ ಹುಡುಗರು ಎರಡೂ ಕಡೆಯಿಂದ ಬಂದು ಟ್ಯಾಂಕಿನ ಹತ್ತಿರ ಒಟ್ಟಾಗಿ ತೊಡಕು ಬಿಡಿಸಿದರು. ಇನ್ನೊಮ್ಮೆ ಊಟ ತರಬೇಕಿದ್ದ ಲಾರಿ ಸ್ಟಾರ್ಟ್ ಆಗಲಿಲ್ಲ. ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದರು. ಹಗ್ಗಜಗ್ಗಾಟದಲ್ಲಿ ಎದುರುಬದುರು ನಿಂತು ಎಳೆದಾಡಿದ್ದ ಅದೇ ಹಗ್ಗ. ಹಗೆ ನಿಧಾನವಾಗಿ ಇಳಿಯಿತು. ಹುಡುಗರನ್ನು ಹೀಗೆ ಬೇಕಂತಲೇ ಕಾದಾಡಲು ಬಿಟ್ಟದ್ದು ನನಗೆ ಒಪ್ಪಿಗೆ ಇಲ್ಲ. ಆದರೆ ಆ ಹಗ್ಗ ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ.

ಅದೇ 1954ರಲ್ಲಿ ಗೋರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞ ಬರೆದದ್ದೂ ಇಂಥದೇ: ಎರಡು ಗುಂಪಿನವರು ಸುಮ್ನೆ ಅಕ್ಕಪಕ್ಕ ಇದ್ದರೆ ಸಾಲದು. ಇಬ್ಬರಿಗೂ ಸಮಾನ ಸ್ಥಾನ ಬೇಕು, ಒಂದೇ ಗುರಿಗೆ ಸೇರಿ ದುಡಿಯಬೇಕು, ಊರ ಹಿರಿಯರ, ಕಾನೂನಿನ ಬೆಂಬಲವೂ ಬೇಕು. ನಮ್ಮ ಡೇರಿಯಲ್ಲಿ ಎಲ್ಲ ಬೀದಿಯ ಹಾಲೂ ಒಂದೇ ದೊಡ್ಡ ಕ್ಯಾನಿಗೆ ಬೀಳುತ್ತದೆ. ಸಾಲೂ ಒಂದೇ. ಆದರೆ ಸಾಲು ಕರಗಿದ ಮೇಲೆ ಒಬ್ಬರ ಕೊಟ್ಟಿಗೆಗೆ ಇನ್ನೊಬ್ಬರು ಹೋಗುವುದಿಲ್ಲ.

ಮೈಸೂರಿಗೆ ಹೊರಡುವ ಹಿಂದಿನ ದಿನ ನಾನು ಆಯಮ್ಮನ ಜೊತೆ ನಡೆದೆ. "ಹಸೂಗೆ ಏನು ಹಾಕ್ತೀರಕ್ಕ?" ಅಂತ ಕೇಳಿದೆ.

"ಒಣಹುಲ್ಲು ಬಿಟ್ರೆ ಇನ್ನೇನವ್ವ. ಹಿಂಡಿ ತರಾಕೆ ದುಡ್ಡಿಲ್ಲ. ನಮ್ಮ ಗದ್ದೆ ಕಾಲುವೆ ತುದೀಲಿ. ನೀರು ಅಲ್ಲಿಗೆ ಬರೋ ಹೊತ್ಗೆ ನೀರು ಬಿಡೋ ಸರದಿ ಮುಗ್ದೋಗಿರ್ತದೆ."

ಬರೀ ಒಣಹುಲ್ಲು ತಿಂದ ಹಸುವಿನ ಹಾಲಿನಲ್ಲಿ ಸತ್ವ ಇಳಿಯುತ್ತದೆ. ಒಂದು ಹನಿ ನೀರು ಬೆರೆಸದಿದ್ದರೂ ಡಿಗ್ರಿ ಬೀಳುತ್ತದೆ.

ಮಳೆ ಹಿಡಿದು ಬದುವಿನಲ್ಲಿ ಹುಲ್ಲು ಚಿಗುರಿದ ಮೇಲೆ ಅವ್ವನಿಗೆ ಫೋನ್ ಮಾಡಿದ್ದೆ. ಆಯಮ್ಮನ ಹಾಲಿಗೆ 28 ಬರ್ತಿದೆ ಅಂದಳು.

"ಸಾಲಿನಲ್ಲಿ ಯಾರೇನಂದ್ರವ್ವ?"

"ಯಾರೂ ಏನೂ ಅನ್ನಲಿಲ್ಲ ಕಣೆ."

ನಮಸ್ಕಾರ.