ಗಾಳಿಗೆ ಎರಡು ದಾರಿ

ಕೇಳುಗರಿಗೆ ನಮಸ್ಕಾರ. ನೀವೀಗ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಈ ಮಾತನ್ನು ಕೇಳುತ್ತಿದ್ದರೆ, ದಯವಿಟ್ಟು ಕಿಟಕಿಯನ್ನೂ ಅದರ ಎದುರಿನ ಬಾಗಿಲನ್ನೂ ತೆರೆದಿಡಿ. ಗಾಳಿ ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಇನ್ನೊಂದು ದಾರಿ ಇರಬೇಕು. ಇಂದು ನಾನು ಹೇಳಬೇಕಾಗಿರುವುದು ಇದನ್ನೇ. ಒಂದೇ ಕಿಟಕಿ ತೆರೆದರೆ ಗಾಳಿ ಅದರ ಬಳಿಯಲ್ಲೇ ಸುಳಿದಾಡುತ್ತದೆ, ಕೋಣೆಯ ಮೂಲೆಗಳಲ್ಲಿರುವ ಹೊಗೆಯೂ ತೇವವೂ ಅಲ್ಲೇ ಉಳಿಯುತ್ತವೆ.

ನಮ್ಮ ಹಳೆಯ ಮನೆಗಳನ್ನು ಕಟ್ಟಿದವರಿಗೆ ಇದು ಚೆನ್ನಾಗಿ ತಿಳಿದಿತ್ತು. ತೊಟ್ಟಿಮನೆಯ ನಡುಭಾಗ ಆಕಾಶಕ್ಕೆ ತೆರೆದಿರುತ್ತಿತ್ತು, ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿಗಳಿರುತ್ತಿದ್ದವು. ಬಿಸಿಗಾಳಿ ಮೇಲೇರಿ ಹೊರಹೋದಂತೆಲ್ಲ ಬಾಗಿಲಿನಿಂದ ತಂಪುಗಾಳಿ ಒಳಬರುತ್ತಿತ್ತು. ಹಾಗಿದ್ದರೂ ಸೌದೆ ಒಲೆಯ ಮುಂದೆ ಕುಳಿತವರ ಕಣ್ಣುರಿ, ಕೆಮ್ಮು ತಪ್ಪಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಎಂಬ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯು, ಸೌದೆಯನ್ನು ಉಳಿಸುವುದರ ಜೊತೆಗೆ ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆಗೆ ಬಿಟ್ಟು ಆ ಎರಡನೆಯ ದಾರಿಯನ್ನು ಒದಗಿಸಿತು.

ಈಗ ಸೌದೆಯ ಬದಲು ಗ್ಯಾಸ್ ಬಂದು ಹೊಗೆ ಕಾಣದ ಕಾರಣ ಅಪಾಯವೂ ಇಲ್ಲವೆಂದು ಜನ ತಿಳಿದಿದ್ದಾರೆ. ಕೆಲವು ವರ್ಷಗಳ ಹಿಂದೆ, ಡಿಸೆಂಬರಿನ ಚಳಿಯಲ್ಲಿ, ಬೆಂಗಳೂರಿನ ಪರಿಚಿತರೊಬ್ಬರು ನನ್ನನ್ನು ಮನೆಗೆ ಕರೆಸಿಕೊಂಡರು. ಸ್ನಾನಕ್ಕೆ ಹೋಗಿದ್ದ ಅವರ ಮಗಳು ತಲೆಸುತ್ತಿ ಕುಸಿದಿದ್ದಳು. ಸದ್ದು ಕೇಳಿದ ತಾಯಿ ಕೂಡಲೇ ಹೊರಗೆಳೆದುಕೊಂಡದ್ದರಿಂದ ಬದುಕಿದಳು. ನಾನು ನೋಡಿದ ಆ ಸ್ನಾನದ ಕೋಣೆಯಲ್ಲಿ ಒಬ್ಬರು ಕೈಚಾಚಿ ನಿಲ್ಲುವಷ್ಟೂ ಜಾಗವಿರಲಿಲ್ಲ. ಗೋಡೆಯ ಮೇಲೆ ಗ್ಯಾಸ್ ಗೀಸರ್, ಅದರ ಮೇಲ್ಗಡೆ ಗಾಜಿನ ಪಟ್ಟಿಗಳ ವೆಂಟಿಲೇಟರ್. ಚಳಿ ಬೀಸುತ್ತದೆಯೆಂದು ಆ ವೆಂಟಿಲೇಟರಿಗೆ ಹಳೆಯ ಕ್ಯಾಲೆಂಡರಿನ ರಟ್ಟನ್ನಿಟ್ಟು ನಾಲ್ಕೂ ಬದಿಗೆ ಟೇಪು ಅಂಟಿಸಿದ್ದರು. ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲ್ ತುರುಕುವುದು ರೂಢಿಯಾಗಿತ್ತು. ಗೀಸರಿನ ಉರಿ ಬಳಸುವುದು ಸ್ನಾನ ಮಾಡುವವರು ಉಸಿರಾಡುವ ಆಮ್ಲಜನಕವನ್ನೇ. ಅದು ಸಾಲದಾದಾಗ ಅನಿಲ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೈಗೆಲ್ಲ ಆಮ್ಲಜನಕ ಹೊತ್ತೊಯ್ಯುವ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ, ಕೂಗಿ ಕರೆಯಬೇಕೆನ್ನುವಷ್ಟರಲ್ಲಿ ಕೈಕಾಲು ಸೋತಿರುತ್ತವೆ. ನಾನು ಟೇಪು ಕೀಳುತ್ತಿದ್ದಾಗ ಮನೆಯವರು, ಗೀಸರ್ ಹೊಸದು, ಕೆಟ್ಟಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಅದು ನಿಜವೇ. ಗಾಳಿ ಬರುವ ದಾರಿಯೂ ಹೋಗುವ ದಾರಿಯೂ ಮುಚ್ಚಿದ ಮೇಲೆ ಹೊಸ ಗೀಸರ್ ಏನು ಮಾಡೀತು? ಅದನ್ನು ಹೊರಗಿನ ತೆರೆದ ಜಾಗಕ್ಕೆ ಸಾಗಿಸಿ, ಬಿಸಿನೀರಿನ ಕೊಳವೆ ಮಾತ್ರ ಒಳಬರುವಂತೆ ಮಾಡಿಸಿದೆವು. ಗ್ಯಾಸ್ ಗೀಸರ್ ಇರುವ ಪ್ರತಿಯೊಂದು ಮನೆಯವರೂ ಇದನ್ನು ಈ ವಾರವೇ ಮಾಡಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಹೀಗೆ ಸತ್ತವರ ಸುದ್ದಿಯನ್ನು ಪ್ರತಿ ಚಳಿಗಾಲದಲ್ಲೂ ಓದಿ ನನಗೆ ಸಾಕಾಗಿದೆ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಸೊಳ್ಳೆಬತ್ತಿ ಹಚ್ಚಿ ಕಿಟಕಿ ಮುಚ್ಚಿ ಮಲಗಬೇಡಿ. ಕಿಟಕಿಗೆ ಜಾಲರಿ ಹಾಕಿಸಿ, ರಾತ್ರಿ ಸೊಳ್ಳೆಪರದೆ ಕಟ್ಟಿಕೊಳ್ಳಿ. ಮಳೆಗಾಲದಲ್ಲಿ ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಿದರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ, ಉಬ್ಬಸದವರಿಗೆ ಅದು ಒಳ್ಳೆಯದಲ್ಲ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದವರು ಅದು ತಿರುಗುವಾಗ ಎದುರಿನ ಬಾಗಿಲನ್ನು ತೆರೆದಿಡಬೇಕು. ಒಳಗೆ ಗಾಳಿ ಬಾರದಿದ್ದರೆ ಫ್ಯಾನು ಹೊರಗೆ ತಳ್ಳುವುದಾದರೂ ಏನನ್ನು? ನಮಸ್ಕಾರ.