ವೈಟ್, ಪೋರ್ಟ್‌ಲ್ಯಾಂಡ್, ಪ್ಲಿಮತ್

ಕೇಳುಗರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಈ ಪ್ರವಾಸಕ್ಕೆ ನಮ್ಮ ಕೈಯಿಂದ ಒಂದು ರೂಪಾಯಿಯೂ ಬಿಚ್ಚಲಿಲ್ಲ. ನಮ್ಮ ಮದುವೆಗೆ 40 ವರ್ಷ ತುಂಬಿತು ಅಂತ ಸೌತಾಂಪ್ಟನ್‌ನಲ್ಲಿರುವ ಮಗಳು, ಅಳಿಯ ಸೇರಿ ಮಾಡಿದ ಏರ್ಪಾಡು. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಒಂದು ವಾರ, ಬಾಡಿಗೆಯ ಐಷಾರಾಮಿ ಹಾಯಿದೋಣಿಯಲ್ಲಿ. ಅದಕ್ಕೆ ಅಲ್ಲಿ ಯಾಟ್ ಅನ್ನುತ್ತಾರೆ. 50 ಅಡಿ ಉದ್ದ. ತೇಗದ ಹಲಗೆಯ ಅಟ್ಟ. ಕೆಳಗೆ ಮೂರು ಮಲಗುವ ಕೋಣೆ, ದಪ್ಪ ಹಾಸಿಗೆ, ಬಿಸಿನೀರು. ದೋಣಿ ನಡೆಸಲು ಐವತ್ತರ ಆಸುಪಾಸಿನ ಹೆಂಗಸೊಬ್ಬರು, ಅವರೇ ಸ್ಕಿಪ್ಪರ್. ಅಡುಗೆಗೆ ಕಾರ್ನ್‌ವಾಲ್ ಕಡೆಯ ಹುಡುಗ.

ನಾನು ಮೈಸೂರಿನವಳು. ಸಮುದ್ರ ಅಂದರೆ ನನಗೆ ಕಾಲು ತೋಯಿಸಿಕೊಂಡು ವಾಪಸ್ ಬರುವ ಜಾಗ. ನಮ್ಮವರು ಹೊನ್ನಾವರದವರು. ಶರಾವತಿ ಕಡಲು ಸೇರುವ ಕಡೆ ಹುಟ್ಟಿ ಬೆಳೆದವರು. ಭರತ, ಇಳಿತ ಎಲ್ಲ ಅವರಿಗೆ ಬಾಯಿಪಾಠ. ಹೊರಡುವ ಮೊದಲು ಹಾಳೆಯ ಮೇಲೆ ಪಟ್ಟಿ ಬರೆದುಕೊಂಡಿದ್ದು ಮಾತ್ರ ನಾನೇ. ಸೋಮವಾರ ಇಲ್ಲಿ, ಮಂಗಳವಾರ ಅಲ್ಲಿ, ಶನಿವಾರ ಫಾಲ್ಮತ್. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು, ಪಟ್ಟಿ ಇಲ್ಲದೆ ನನಗೆ ಊಟವೂ ಸೇರುವುದಿಲ್ಲ.

ಸ್ಕಿಪ್ಪರ್ ಆ ಪಟ್ಟಿಯನ್ನು ಮರ್ಯಾದೆಯಿಂದ ಓದಿದರು. ಆಮೇಲೆ ತಮ್ಮ ಪುಸ್ತಕ ತೆಗೆದರು. ಅದರ ತುಂಬ ಬರೀ ಗಂಟೆ, ನಿಮಿಷ, ಮೀಟರ್. ಯಾವ ಬಂದರಿನಲ್ಲಿ ನೀರು ಯಾವಾಗ ಏರುತ್ತದೆ, ಎಷ್ಟು ಏರುತ್ತದೆ, ಯಾವಾಗ ಇಳಿಯುತ್ತದೆ. "ನಾಳೆ ಬೆಳಗ್ಗೆ ಒಂಬತ್ತಕ್ಕೆ ಹೊರಡೋಣ ಅಂತ ಬರೆದಿದ್ದೀರಿ. ನೀರು ಆರಕ್ಕೇ ಹೊರಡುತ್ತದಲ್ಲ" ಅಂದರು. ನಮ್ಮವರು ಗೋಡೆ ಕಡೆ ತಿರುಗಿ ನಕ್ಕರು. ನನಗೆ ಗೊತ್ತಾಯಿತು.

ನಾವು ಹತ್ತಿದ್ದು ಹ್ಯಾಂಬಲ್ ನದಿಯಲ್ಲಿ. ಅಲ್ಲಿಂದ ಹೊರಬಿದ್ದರೆ ಸೋಲೆಂಟ್. ಒಂದು ಕಡೆ ಇಂಗ್ಲೆಂಡಿನ ನೆಲ, ಇನ್ನೊಂದು ಕಡೆ ವೈಟ್ ದ್ವೀಪ, ನಡುವೆ ಕಡಲಿನ ಒಂದು ಓಣಿ. ಸುಮಾರು 32 ಕಿಲೋಮೀಟರ್ ಉದ್ದ. ಸೌತಾಂಪ್ಟನ್ ಕಡೆ ಉಬ್ಬರ ಒಂದು ಸಲ ತುದಿ ಮುಟ್ಟಿ, ಸ್ವಲ್ಪ ತಗ್ಗಿ, ಮತ್ತೆ ತುದಿ ಮುಟ್ಟುತ್ತದೆ. ಹಾಗಾಗಿ ತುಂಬಿದ ನೀರು ಜಾಸ್ತಿ ಹೊತ್ತು ನಿಲ್ಲುತ್ತದೆ. ದೊಡ್ಡ ಹಡಗುಗಳಿಗೆ ಇದು ಅನುಕೂಲ. 1912ರಲ್ಲಿ ಟೈಟಾನಿಕ್ ಹೊರಟಿದ್ದು ಇದೇ ಬಂದರಿನಿಂದ. ಹೊರಡುವ ದಿನ ಈ ಮಾತು ಬೇಡವಾಗಿತ್ತು. ನಮ್ಮ ಅಳಿಯಂದಿರಿಗೆ ಅದು ಹೊಳೆಯಲಿಲ್ಲ, ಎರಡು ಸಲ ಹೇಳಿದರು.

ಸೋಲೆಂಟಿನ ನಡುವೆ ಬ್ರಾಂಬಲ್ ಅಂತ ಒಂದು ಮರಳು ದಿಬ್ಬ ಇದೆ. ಹೆಚ್ಚು ಹೊತ್ತು ನೀರಿನ ಕೆಳಗೇ. ಇಳಿತ ತೀರಾ ಕೆಳಗಿರುವ ದಿನ ಅದು ಗಂಟೆ ಹೊತ್ತು ತಲೆ ಎತ್ತುತ್ತದೆ. ವರ್ಷಕ್ಕೊಂದು ಸಲ ಆಗ ಎರಡು ಯಾಟ್ ಕ್ಲಬ್ಬಿನವರು ಬಿಳಿ ಬಟ್ಟೆ ಹಾಕಿಕೊಂಡು ದೋಣಿಯಲ್ಲಿ ಬಂದು, ಅಲ್ಲೇ ಕ್ರಿಕೆಟ್ ಆಡುತ್ತಾರೆ! ಪಾದ ಮುಳುಗುವ ನೀರಿನಲ್ಲಿ ಬ್ಯಾಟು, ಸ್ಟಂಪು. ನೀರು ಏರಿದರೆ ಆಟ ಮುಗಿಯಿತು. ಸ್ಕೋರಿಗೆ ಬೆಲೆಯಿಲ್ಲ. ಒಂದು ವರ್ಷ ಇವರು ಗೆದ್ದರೆ, ಮುಂದಿನ ವರ್ಷ ಅವರು ಅಂತ ಒಪ್ಪಂದ. ಮಳೆಗೆ ಪಂದ್ಯ ನಿಲ್ಲುವುದನ್ನು ನೋಡಿದ್ದೇವೆ. ಸಮುದ್ರಕ್ಕೆ ನಿಲ್ಲುವ ಪಂದ್ಯ ಇದೊಂದೇ ಇರಬೇಕು.

ಮೊದಲ ರಾತ್ರಿ ದ್ವೀಪದ ಕೌಸ್ ಊರಿನಲ್ಲಿ. ಹಾಯಿದೋಣಿಯವರಿಗೆ ಇದು ತವರುಮನೆ. ಇಲ್ಲಿನ ಆಗಸ್ಟ್ ಪಂದ್ಯಗಳು 1826ರಲ್ಲಿ ಶುರುವಾದವು. 1851ರಲ್ಲಿ ಅಮೆರಿಕದಿಂದ ಬಂದ ದೋಣಿಯೊಂದು ದ್ವೀಪ ಸುತ್ತುವ ಪಂದ್ಯದಲ್ಲಿ ಇಂಗ್ಲಿಷರನ್ನೆಲ್ಲ ಸೋಲಿಸಿ ಕಪ್ ಹೊತ್ತುಕೊಂಡು ಹೋಯಿತು. ಅದೇ ಅಮೆರಿಕಾಸ್ ಕಪ್.

ಕೌಸಿನ ನದಿ ದಾಟಿದರೆ ಆಸ್ಬರ್ನ್ ಅರಮನೆ. ವಿಕ್ಟೋರಿಯಾ ರಾಣಿ ಬೇಸಿಗೆ ಕಳೆಯುತ್ತಿದ್ದದ್ದು ಇಲ್ಲಿ, 1901ರ ಜನವರಿಯಲ್ಲಿ ತೀರಿಹೋದದ್ದೂ ಇಲ್ಲೇ. ದರ್ಬಾರ್ ಕೋಣೆ ಅಂತ ಒಂದಿದೆ. ಪಂಜಾಬಿನ ಭಾಯಿ ರಾಮ್ ಸಿಂಗ್ ಅದರ ಕುಸುರಿ ಕೆಲಸ ಮಾಡಿಸಿದವರು. ಎಲ್ಲರೂ ಅದನ್ನು ನೋಡಿ ಬಾಯಿ ಬಿಡುತ್ತಾರೆ. ನಾನು ನಿಂತದ್ದು ಬೇರೆ ಕಡೆ, ಬಣ್ಣ ಹಚ್ಚಿದ ಅಮೃತಶಿಲೆಯ ಒಂದು ಹುಡುಗಿಯ ಮುಂದೆ.

ಅವಳು ನಮ್ಮ ಕೊಡಗಿನ ಗೌರಮ್ಮ.

1834ರಲ್ಲಿ ಬ್ರಿಟಿಷರು ಗದ್ದುಗೆಯಿಂದ ಇಳಿಸಿದರಲ್ಲ, ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರ, ಅವನ ಮಗಳು. 1852ರಲ್ಲಿ ಅಪ್ಪನ ಜೊತೆ ಇಂಗ್ಲೆಂಡಿಗೆ ಬಂದಾಗ ಅವಳಿಗೆ ಹನ್ನೊಂದು ವರ್ಷ. ಅಲ್ಲಿ ಅವಳನ್ನು ಕ್ರೈಸ್ತಳನ್ನಾಗಿ ಮಾಡಿದರು. ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನು ಅವಳ ಹೆಸರಿಗೆ ಸೇರಿಸಿದಳು. ಮಾರೊಚೆಟ್ಟಿ ಅನ್ನುವ ಶಿಲ್ಪಿ ಈ ಮೂರ್ತಿ ಮಾಡಿದ. 1864ರಲ್ಲಿ ಅವಳು ಲಂಡನ್ನಿನಲ್ಲಿ ತೀರಿಹೋದಳು. ಇನ್ನೂ ಇಪ್ಪತ್ತಮೂರರ ಆಸುಪಾಸು. ಮಡಿಕೇರಿಯ ಮಂಜಿಗೂ ಈ ದ್ವೀಪದ ಮಂಜಿಗೂ ಏನು ಸಂಬಂಧ ಹೇಳಿ! ಮಗಳು ಬಂದು ಕೈ ಹಿಡಿದು ಎಳೆದಳು. "ಅಮ್ಮಾ, ನೀರು ಇಳಿಯೋಕೆ ಶುರುವಾಗತ್ತಂತೆ, ಬಾ."

ಸೋಲೆಂಟಿನ ಪಶ್ಚಿಮದ ಬಾಗಿಲು ಹರ್ಸ್ಟ್ ಕೋಟೆಯ ಹತ್ತಿರ. ಅಲ್ಲಿ ಓಣಿ ಕಿರಿದು. ಸೆಳೆತ ಜೋರಾದಾಗ 4 ನಾಟ್ ದಾಟುತ್ತದೆ. ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್. ನಮ್ಮ ದೋಣಿ ಹೋಗುವುದೇ 6 ನಾಟ್. ಲೆಕ್ಕ ಹಾಕಿ. ಎದುರು ಸೆಳೆತವಿದ್ದರೆ ಉಳಿಯುವುದು ಎರಡು, ಜೊತೆಗಿದ್ದರೆ ಹತ್ತು. ಒಂದೇ ದೋಣಿ, ಒಂದೇ ಹಾಯಿ, ಐದು ಪಟ್ಟು ವ್ಯತ್ಯಾಸ. ಇಂಥ ಬಡ್ಡಿ ಯಾವ ಬ್ಯಾಂಕೂ ಕೊಡುವುದಿಲ್ಲ. ಆಮೇಲೆ ನಾನು ಪಟ್ಟಿಯ ಮಾತು ಎತ್ತಲಿಲ್ಲ.

ಆ ಬಾಗಿಲು ದಾಟಿದರೆ ನೀಡಲ್ಸ್. ನೀರಿನಿಂದ ಎದ್ದು ನಿಂತ ಬಿಳಿ ಸುಣ್ಣದ ಬಂಡೆಗಳ ಸಾಲು, ತುದಿಯಲ್ಲಿ 1859ರ ದೀಪಸ್ತಂಭ. ಹೆಸರು ಸೂಜಿಗಳು ಅಂತ. ಆದರೆ ಒಂದಾದರೂ ಸೂಜಿ ಹಾಗಿಲ್ಲ. ಸೂಜಿ ಹಾಗಿದ್ದ ಒಂದು ಬಂಡೆ 1764ರಲ್ಲೇ ಬಿದ್ದುಹೋಯಿತು. ಹೆಸರು ಮಾತ್ರ ಉಳಿದಿದೆ. ಪಶ್ಚಿಮಕ್ಕೆ ನೋಡಿದರೆ, ಕೊಲ್ಲಿಯ ಆಚೆ, ಅದೇ ಬಿಳಿ ಬಂಡೆಗಳು ಮತ್ತೆ ಕಾಣುತ್ತವೆ. ಅವು ಓಲ್ಡ್ ಹ್ಯಾರಿ ಬಂಡೆಗಳು. ಒಂದು ಕಾಲದಲ್ಲಿ ಎರಡರ ನಡುವೆ ಒಂದೇ ಸುಣ್ಣದ ಗುಡ್ಡವಿತ್ತು. ನಡುವಿನದನ್ನು ಸಮುದ್ರ ತಿಂದಿತು. ನಾವು ಆ ಗುಡ್ಡ ಇದ್ದ ಜಾಗದ ಮೇಲೇ ತೇಲಿಕೊಂಡು ಹೋದೆವು, ಕೈಯಲ್ಲಿ ಟೀ ಕಪ್ಪು ಹಿಡಿದು.

ನೀಡಲ್ಸ್ ಪಕ್ಕದಲ್ಲೇ ಆಲಂ ಕೊಲ್ಲಿ. ರೇಡಿಯೋ ಕೇಳುವ ನಿಮಗೆ ಇದನ್ನು ಹೇಳದೆ ಮುಂದೆ ಹೋಗಬಾರದು. 1897ರ ಡಿಸೆಂಬರಿನಲ್ಲಿ ಮಾರ್ಕೋನಿ ಇಲ್ಲಿನ ಒಂದು ಹೋಟೆಲಿನಲ್ಲಿ ತನ್ನ ತಂತಿಯಿಲ್ಲದ ತಂತಿಯ ಕೇಂದ್ರ ತೆರೆದ. ಎದುರು ದಂಡೆಯ ಬೋರ್ನ್‌ಮತ್ ಜೊತೆ, ಓಡಾಡುವ ಹಡಗಿನ ಜೊತೆ ಮಾತಾಡಿದ. ಮಾತು ಅಂದರೆ ಬರೀ ಕಟ್ಟ ಕಡ ಸದ್ದು. ಮರುವರ್ಷ ದೊಡ್ಡ ವಿಜ್ಞಾನಿ ಲಾರ್ಡ್ ಕೆಲ್ವಿನ್ ಬಂದು, ಹಣ ಕೊಟ್ಟೇ ಸಂದೇಶ ಕಳಿಸುತ್ತೇನೆ ಅಂತ ಹಟ ಹಿಡಿದು ಕೊಟ್ಟರು. ಹೋಟೆಲು ಈಗ ಇಲ್ಲ, ಒಂದು ಕಲ್ಲು ನಿಲ್ಲಿಸಿದ್ದಾರೆ. ಇವತ್ತು ನನ್ನ ಧ್ವನಿ ನಿಮಗೆ ಕೇಳುತ್ತಿದೆಯಲ್ಲ, ಅದರ ಅಂಬೆಗಾಲು ಆ ಮಣ್ಣಿನ ಮೇಲೆ.

ಓಲ್ಡ್ ಹ್ಯಾರಿಯಿಂದ ಮುಂದಿನದು ಜುರಾಸಿಕ್ ಕರಾವಳಿ. 95 ಮೈಲಿ ಉದ್ದ. 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. 18.5 ಕೋಟಿ ವರ್ಷಗಳ ಕಲ್ಲಿನ ಪದರಗಳು ಒಂದರ ಪಕ್ಕ ಒಂದು ಕಾಣುತ್ತವೆ. ಲಲ್‌ವರ್ತ್ ಕೋವ್ ಅಂತೂ ಕೈವಾರ ಹಿಡಿದು ಬರೆದ ಹಾಗೆ ದುಂಡಗಿದೆ. ಮುಂದೆ ಗಟ್ಟಿ ಸುಣ್ಣಕಲ್ಲಿನ ಗೋಡೆ, ಹಿಂದೆ ಮೆತ್ತಗಿನ ಜೇಡಿ. ಸಮುದ್ರ ಗೋಡೆಯಲ್ಲಿ ಕಿಂಡಿ ಕೊರೆದು ಒಳಗೆ ನುಗ್ಗಿ, ಜೇಡಿಯನ್ನು ಆರಾಮಾಗಿ ತಿಂದುಕೊಂಡಿತು. ಪಕ್ಕದ ಡರ್ಡಲ್ ಡೋರ್ ಕಲ್ಲಿನ ಕಮಾನಿನ ಎದುರು ಲಂಗರು ಹಾಕಿ ಊಟ ಮಾಡಿದೆವು. ಹುಡುಗ ಟೊಮೇಟೊ ಸಾರಿನಂಥದ್ದೇನೋ ಮಾಡಿದ್ದ. ನಾನು ಮೇಲೆ ಒಂದು ಚಮಚ ಚಟ್ನಿಪುಡಿ ಹಾಕಿಕೊಂಡೆ, ಅವನಿಗೆ ಕಾಣದ ಹಾಗೆ. ಅಂದಹಾಗೆ ಇಲ್ಲಿ ಸೈನ್ಯದ ಟ್ಯಾಂಕುಗಳು ಗುಂಡು ಹಾರಿಸಿ ಅಭ್ಯಾಸ ಮಾಡುತ್ತವೆ. ಯಾವ ದಿನ ಅಂತ ಕೇಳಿಕೊಂಡೇ ದೋಣಿ ತರಬೇಕು. ಉಬ್ಬರ ಸಾಲದು ಅಂತ ಇದೂ ಒಂದು!

ಆ ರಾತ್ರಿ ವೇಮತ್ ಬಂದರಿನಲ್ಲಿ ಕಟ್ಟಿದೆವು. ನಸುಕಿನಲ್ಲಿ ಸ್ಕಿಪ್ಪರ್ ರೇಡಿಯೋ ಹಾಕಿದರು. ಬಿಬಿಸಿಯ ಹಡಗು ಹವಾಮಾನ. ಬ್ರಿಟನ್ ಸುತ್ತಲಿನ ಕಡಲನ್ನು ತುಂಡು ತುಂಡಾಗಿ ಹಂಚಿ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ಡೋವರ್, ವೈಟ್, ಪೋರ್ಟ್‌ಲ್ಯಾಂಡ್, ಪ್ಲಿಮತ್. ಫಿಟ್ಸ್‌ರಾಯ್ ಅನ್ನುವುದೂ ಇದೆ. ಡಾರ್ವಿನ್ ಹೋದ ಬೀಗಲ್ ಹಡಗಿನ ಕ್ಯಾಪ್ಟನ್ ಅವರು. 1861ರಲ್ಲಿ ಬಿರುಗಾಳಿಯ ಮುನ್ನೆಚ್ಚರಿಕೆ ಕೊಡುವುದನ್ನು ಶುರುಮಾಡಿದವರು. 2002ರಲ್ಲಿ ಒಂದು ತುಂಡಿಗೆ ಅವರ ಹೆಸರಿಟ್ಟರು. ಓದುವವರಿಗೆ ಅವಸರವೇ ಇಲ್ಲ. ದೋಣಿಯಲ್ಲಿರುವವರು ಪೆನ್ಸಿಲ್ ಹಿಡಿದು ಬರೆದುಕೊಳ್ಳಬೇಕಲ್ಲ. ಒಂದು ಮಾತೂ ಜಾಸ್ತಿಯಿಲ್ಲ. ಗಾಳಿಯ ದಿಕ್ಕು, ಬಲ, ಅಲೆ, ಮಳೆ, ಎಷ್ಟು ದೂರ ಕಾಣುತ್ತದೆ. ಅಷ್ಟೇ. ಕೇಳುತ್ತಾ ಮಲಗಿದರೆ ಸಂಧ್ಯಾವಂದನೆ ಕೇಳಿದ ಹಾಗಿರುತ್ತದೆ.

ಆ ದಿನ ಪೋರ್ಟ್‌ಲ್ಯಾಂಡಿಗೆ ನೈಋತ್ಯದ ಗಾಳಿ, ಬಲ 8, ಅಂದರೆ ಬಿರುಗಾಳಿ. ನಾವು ಹೋಗಬೇಕಾದ ಕಡೆಯಿಂದಲೇ. ಸ್ಕಿಪ್ಪರ್ ಪೆನ್ಸಿಲ್ ಕೆಳಗಿಟ್ಟು, ಟೀ ಕೆಟಲ್ ಮೇಲಿಟ್ಟರು. ಎರಡು ದಿನ ಅಲ್ಲೇ.

ದುಡ್ಡು ಕೊಟ್ಟವನು ಅಳಿಯ, ಅವನಿಗೆ ಸಂಕಟ. ವೇಮತ್ ಪಕ್ಕದ ಪೋರ್ಟ್‌ಲ್ಯಾಂಡ್ ದ್ವೀಪದ ಮೂತಿಯ ಹತ್ತಿರ ಎರಡು ಸೆಳೆತ ಡಿಕ್ಕಿ ಹೊಡೆದು ನೀರು ಕುದಿಯುತ್ತದೆ. ಗಾಳಿ ಎದ್ದ ದಿನ ಅತ್ತ ಯಾರೂ ಸುಳಿಯುವುದಿಲ್ಲ, ನಮ್ಮದಕ್ಕಿಂತ ದೊಡ್ಡ ದೋಣಿಯವರೂ. ನಮ್ಮವರು ಅವನ ಬೆನ್ನು ತಟ್ಟಿ, "ನಮ್ಮ ಕಡೆ ಮಳೆಗಾಲದಲ್ಲಿ ಎರಡು ತಿಂಗಳು ದೋಣಿ ಮೇಲೆ ಎಳೆದಿಡ್ತಾರೆ ಮಾರಾಯ" ಅಂದರು.

ನನಗಂತೂ ಆ ಎರಡು ದಿನವೇ ಇಷ್ಟ. ಪೋರ್ಟ್‌ಲ್ಯಾಂಡ್ ಅನ್ನುವ ಹೆಸರು ಎಲ್ಲೋ ಓದಿದ್ದೇನಲ್ಲ ಅಂತ ತಲೆ ಕೊರೆಯುತ್ತಿತ್ತು. ಆಮೇಲೆ ಹೊಳೆಯಿತು. ಕುವೆಂಪುನಗರದಲ್ಲಿ ಮನೆ ಕಟ್ಟಿಸುವಾಗ ಸಿಮೆಂಟ್ ಮೂಟೆಯ ಮೇಲೆ! ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಕಲ್ಲು ಹೋದದ್ದು ಈ ಊರಿನಿಂದ. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಅನ್ನುವ ಗಾರೆ ಕೆಲಸದವನು ತನ್ನ ಪುಡಿಗೆ, ಗಟ್ಟಿಯಾದರೆ ಆ ಕಲ್ಲಿನ ಹಾಗೇ ಕಾಣುತ್ತದೆ ಅಂತ ಈ ಹೆಸರಿಟ್ಟ. ಆ ಊರಲ್ಲಿ ಮೊಲ ಅನ್ನುವ ಮಾತು ಆಡಬಾರದು. ಕಲ್ಲುಗಣಿಯವರಿಗೆ ಅಪಶಕುನ. ನಾವು ಇಲ್ಲಿ ಹಾವಿಗೆ ರಾತ್ರಿ ಹುಳ ಅನ್ನುವುದಿಲ್ಲವೇ, ಹಾಗೆ.

ಪಕ್ಕದಲ್ಲೇ ಚೆಸಿಲ್ ದಂಡೆ. 18 ಮೈಲಿ ಬರೀ ಬೆಣಚು. ಪಶ್ಚಿಮದ ತುದಿಯಲ್ಲಿ ಬಟಾಣಿಯಷ್ಟು, ಪೋರ್ಟ್‌ಲ್ಯಾಂಡ್ ಕಡೆಗೆ ಬರುತ್ತಾ ಬರುತ್ತಾ ಆಲೂಗಡ್ಡೆಯಷ್ಟು. ಅಲೆಗಳೇ ಜರಡಿ ಹಿಡಿದದ್ದು. ಹಿಂದೆ ಕಳ್ಳಸಾಗಣೆಯವರು ಕತ್ತಲಲ್ಲಿ ದಡ ಮುಟ್ಟಿ, ಒಂದು ಕಲ್ಲು ಕೈಗೆ ತೆಗೆದುಕೊಂಡರೆ ಎಲ್ಲಿದ್ದೇವೆ ಅಂತ ಗೊತ್ತಾಗುತ್ತಿತ್ತಂತೆ.

ಎರಡನೇ ದಿನ ಬಸ್ಸು ಹತ್ತಿ ಲೈಮ್ ರೀಜಿಸ್‌ಗೆ ಹೋದೆವು. 1812ರಲ್ಲಿ ಮೇರಿ ಆನಿಂಗ್ ಅನ್ನುವ ಬಡಗಿಯ ಮಗಳು ಅಲ್ಲಿ ಇಕ್ತಿಯೊಸಾರ್ ಅನ್ನುವ ಕಡಲ ಪ್ರಾಣಿಯ ಅಸ್ಥಿಪಂಜರ ಅಗೆಸಿ ತೆಗೆದಳು. ವಯಸ್ಸು ಹನ್ನೆರಡು ಹದಿಮೂರು. ದೊಡ್ಡ ವಿದ್ವಾಂಸರು ಅವಳ ಹತ್ತಿರ ಪಳೆಯುಳಿಕೆ ಕೊಂಡರು, ಅದರ ಮೇಲೆ ಬರೆದರು. ಅವರ ಸಂಘದಲ್ಲಿ ಅವಳಿಗೆ ಜಾಗವಿಲ್ಲ, ಹೆಣ್ಣಲ್ಲವೇ. 1833ರಲ್ಲಿ ಗುಡ್ಡ ಕುಸಿದು ಅವಳ ನಾಯಿ ಟ್ರೇ ಸತ್ತಿತು, ಅವಳು ಕೂದಲೆಳೆಯಲ್ಲಿ ಉಳಿದಳು. 2022ರಲ್ಲಿ ಪ್ರತಿಮೆ ನಿಲ್ಲಿಸಿದ್ದಾರೆ. ಪಕ್ಕದಲ್ಲಿ ಟ್ರೇ ಕೂಡ ಓಡುತ್ತಿದೆ.

ಮೂರನೇ ದಿನ ಗಾಳಿ ಇಳಿಯಿತು. ಲೈಮ್ ಕೊಲ್ಲಿ ದಾಟುವುದಕ್ಕೆ ಇಡೀ ಹಗಲು ಬೇಕಾಯಿತು. ಐಷಾರಾಮಿ ದೋಣಿ ಅಂದೆನಲ್ಲ, ಆ ದಿನ ನನ್ನ ಐಷಾರಾಮ ಅಂದರೆ ಒಂದು ಪ್ಲಾಸ್ಟಿಕ್ ಬಕೆಟ್ಟು ಮತ್ತು ಒಣಶುಂಠಿ ಚೂರು. ಸಂಜೆ ಡಾರ್ಟ್‌ಮತ್ ಬಾಗಿಲು ಕಂಡಿತು. ಎರಡು ಗುಡ್ಡ, ಎರಡು ಕೋಟೆ, ನಡುವೆ ನದಿ. ಒಳಗೆ ಹೋದ ಕೂಡಲೇ ಯಾರೋ ಸ್ವಿಚ್ ಒತ್ತಿದ ಹಾಗೆ ಅಲೆ ನಿಂತಿತು. ಅಲ್ಲಿ ದೊಡ್ಡ ಉಬ್ಬರಕ್ಕೆ ನೀರು 4 ಮೀಟರಿಗೂ ಜಾಸ್ತಿ ಏರಿಳಿಯುತ್ತದೆ. ರಾತ್ರಿ ಸಮಕ್ಕಿದ್ದ ದಕ್ಕೆ ಬೆಳಗ್ಗೆ ಮಹಡಿ ಎತ್ತರದಲ್ಲಿತ್ತು. ನಮ್ಮವರು ಹೊನ್ನಾವರದ ಹೆಸರೆತ್ತದೆ ಸುಮ್ನೆ ನೋಡುತ್ತಾ ನಿಂತರು. ಟೀ ಅಂಗಡಿಯಲ್ಲಿ ಅಡುಗೆ ಹುಡುಗ ಬನ್ನಿಗೆ ಮೊದಲು ಜಾಮ್ ಹಚ್ಚಿ ಮೇಲೆ ಕೆನೆ ಹಾಕಿಕೊಂಡ. ಅದು ಕಾರ್ನ್‌ವಾಲ್ ಪದ್ಧತಿ. ಡಾರ್ಟ್‌ಮತ್ ಇರುವುದು ಡೆವನ್ನಿನಲ್ಲಿ, ಡೆವನ್ನಿನವರು ಕೆನೆ ಮೊದಲು ಹಚ್ಚುವವರು. ಪಕ್ಕದ ಮೇಜಿನ ಅಜ್ಜಿ ಅವನನ್ನು ನೋಡಿದ ನೋಟ ಇನ್ನೂ ನೆನಪಿದೆ.

ವಾರ ಮುಗಿದಿತ್ತು. ಫಾಲ್ಮತ್ ಸಿಗಲಿಲ್ಲ. ಅಲ್ಲಿಗೆ ಹೋಗಬೇಕು ಅಂದಿದ್ದು ಒಂದು ದೋಣಿಯ ಕಾರಣಕ್ಕೆ. 1969ರ ಏಪ್ರಿಲ್ 22ರಂದು ರಾಬಿನ್ ನಾಕ್ಸ್‌-ಜಾನ್‌ಸ್ಟನ್ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ 312 ದಿನಕ್ಕೆ ಬಂದು ಸೇರಿದ್ದು ಆ ಬಂದರಿಗೆ. ಹೊರಟವರು ಒಂಬತ್ತು ಜನ, ಮುಗಿಸಿದವರು ಅವರೊಬ್ಬರೇ. ರೇಡಿಯೋ ಕೆಟ್ಟು ತಿಂಗಳುಗಟ್ಟಲೆ ಅವರ ಸುದ್ದಿಯೇ ಇರಲಿಲ್ಲ. ಆ ದೋಣಿ ಸುಹೈಲಿ. ಕಟ್ಟಿದ್ದು ಬೊಂಬಾಯಿಯಲ್ಲಿ, ತೇಗದ ಮರದಲ್ಲಿ.

ಈಗ ಮೈಸೂರಿಗೆ ಬಂದು ತಿಂಗಳುಗಳಾದವು. ಅಲ್ಲಿನ ನಸುಕು ಅಂದರೆ ಬೇಸಿಗೆಯಲ್ಲಿ ನಮ್ಮ ಬೆಳಗಿನ ಹತ್ತು ಗಂಟೆ. ಕುಕ್ಕರ್ ಇಟ್ಟು ಫೋನಿನಲ್ಲಿ ಆ ಹವಾಮಾನ ಹಾಕುತ್ತೇನೆ. ವೈಟ್, ಪೋರ್ಟ್‌ಲ್ಯಾಂಡ್, ಪ್ಲಿಮತ್. ಹೊರಗೆ ಪೇಪರ್ ಓದುತ್ತಾ ಕೂತ ನಮ್ಮವರು ಕೇಳುತ್ತಾರೆ, "ಏನಂತೆ, ಇವತ್ತು ಹೊರಡಬಹುದಂತಾ?"

"ನೈಋತ್ಯ, ಏಳಂತೆ ರೀ. ಆಗಲ್ಲ."

"ಸರಿ ಹಾಗಾದರೆ, ಕಾಫಿ ಮಾಡು."